ಮಾತು ಕಡಿಮೆ ಮಾಡಿ, ರಾಗ ಮಾತ್ರ ಹೇಳಿ

ನಮ್ಮ ಮನೆಯಲ್ಲಿ ರೇಡಿಯೋದ ಶಾಸ್ತ್ರೀಯ ಸಂಗೀತ ಕೇಳುವುದಕ್ಕಿಂತ ಅದರ ಮಧ್ಯೆ ಮಾತಾಡುವವರನ್ನು ಬೈಯುವುದೇ ಜಾಸ್ತಿ. ಇದರಲ್ಲಿ ನಮ್ಮ ಮಾವನವರದು ಎತ್ತಿದ ಕೈ. ಹಾಡಿದವರು ಹೇಗೆ ಹಾಡಿದರು ಅಂತ ಕೇಳಿ, "ಪರವಾಗಿಲ್ಲ" ಅಂತಾರೆ, ಅಷ್ಟೇ. ಅನೌನ್ಸರ್ ಹೇಗೆ ಮಾತಾಡಿದರು ಅಂತ ಕೇಳಿ ನೋಡಿ, ಕುರ್ಚಿ ಎಳೆದುಕೊಂಡು ಕೂರುತ್ತಾರೆ.

ದಾವಣಗೆರೆ ಇರುವ ಜಾಗವೇ ಹಾಗೆ. ಆ ಕಡೆ ಧಾರವಾಡ, ಈ ಕಡೆ ಬೆಂಗಳೂರು, ಮೈಸೂರು. ಮಲ್ಲಿಕಾರ್ಜುನ ಮನ್ಸೂರ, ಗಂಗೂಬಾಯಿ ಹಾನಗಲ್ ಅವರನ್ನು ಕೇಳಿಕೊಂಡೇ ದೊಡ್ಡವರಾದವರು ಇಲ್ಲಿದ್ದಾರೆ. ತ್ಯಾಗರಾಜರ ಕೃತಿ ಕಿವಿಗೆ ಬೀಳದಿದ್ದರೆ ಕಾಫಿ ಇಳಿಯದವರೂ ಇದ್ದಾರೆ. ನಮ್ಮ ಮನೆಯಲ್ಲಿ ಇಬ್ಬರೂ ಒಂದೇ ಸೂರಿನಡಿ ಇದ್ದಾರೆ. ಮಾವ ರಾಣೆಬೆನ್ನೂರು ಕಡೆಯವರು, ಹಿಂದೂಸ್ತಾನಿ. ಅತ್ತೆಯ ತವರು ಮೈಸೂರು, ಕರ್ನಾಟಕ ಸಂಗೀತ. ಅನೌನ್ಸರ್ ಸುಮ್ನೆ "ಈಗ ಭೈರವಿ ರಾಗ" ಅಂದುಬಿಟ್ಟರೆ ಮುಗಿಯಿತು, ಜಗಳ ಶುರು. ಅತ್ತೆಯ ಭೈರವಿಯೇ ಬೇರೆ. ಮಾವನ ಭೈರವಿಯ ಸ್ವರಗಳು ಅತ್ತೆಯ ಲೆಕ್ಕದಲ್ಲಿ ತೋಡಿ. ಹೋಗಲಿ, ಮಾವ ತೋಡಿ ಅನ್ನುವುದಾದರೂ ತೋಡಿಯೇ? ಅದು ಅತ್ತೆಗೆ ಶುಭಪಂತುವರಾಳಿ. ಯಾವ ಪದ್ಧತಿ ಅಂತ ಅನೌನ್ಸರ್ ಒಂದು ಮಾತು ಸೇರಿಸಿದ್ದರೆ ಎಷ್ಟೋ ದಿನ ನಮ್ಮ ಚಟ್ನಿಗೆ ಉಪ್ಪು ಎರಡೆರಡು ಸಲ ಬೀಳುತ್ತಿರಲಿಲ್ಲ.

ಮೈಸೂರಿನಲ್ಲಿ 1935ರಲ್ಲಿ ತಮ್ಮ ಮನೆಯಿಂದಲೇ ಆಕಾಶವಾಣಿ ಶುರು ಮಾಡಿದ ಎಂ.ವಿ. ಗೋಪಾಲಸ್ವಾಮಿಯವರು ಮನಶ್ಶಾಸ್ತ್ರದ ಪ್ರೊಫೆಸರ್. ಕೇಳುಗರ ಮನಸ್ಸು ಎಂಥದ್ದು ಅಂತ ಅವರಿಗೆ ಮೊದಲೇ ಗೊತ್ತಿದ್ದಿರಬೇಕು. ಗೊತ್ತಿದ್ದೂ ಶುರು ಮಾಡಿದರಲ್ಲ, ಅದು ಧೈರ್ಯ.

ನಮ್ಮ ಎದುರು ಮನೆಯ ನಿವೃತ್ತ ಮೇಷ್ಟ್ರದು ಒಂದೇ ವಾದ. "ಅಲ್ರೀ ಯಜಮಾನ್ರೇ, ಬೆಣ್ಣೆ ದೋಸೆ ತಂದಿಟ್ಟ ಮಾಣಿ ಇದರಲ್ಲಿ ಅಕ್ಕಿ ಎಷ್ಟು, ಉದ್ದು ಎಷ್ಟು, ಮಂಡಕ್ಕಿ ಎಷ್ಟು ಅಂತ ಹೇಳ್ತಾ ನಿಂತ್ರೆ ದೋಸೆ ಆರಿ ಹೋಗಲ್ವಾ? ಇಟ್ಟು ಹೋಗಬೇಕಪ್ಪಾ!" ಮಾವ ಜೋರಾಗಿ ತಲೆಯಾಡಿಸುತ್ತಾರೆ. ಆದರೆ ಇದೇ ಮೇಷ್ಟ್ರು, ರಾಗದ ಹೆಸರು ಹೇಳದೆ ಹಾಡು ಹಾಕಿದ ದಿನ, ಲುಂಗಿ ಎತ್ತಿ ಕಟ್ಟಿಕೊಂಡು ರಸ್ತೆ ದಾಟಿ ಬಂದು "ಏನ್ರೀ ಅದು? ಹೇಳೋಕೇನು ಕಷ್ಟ ಅವರಿಗೆ?" ಅಂತ ಕೂಗಾಡುತ್ತಾರೆ.

ನನಗಂತೂ ಇದರ ಗುಟ್ಟು ಗೊತ್ತಾಗಿಬಿಟ್ಟಿದೆ. ನಮಗೆ ಗೊತ್ತಿರುವುದನ್ನು ಅನೌನ್ಸರ್ ಹೇಳಿದರೆ ಅದು ಕೊರೆತ. ಗೊತ್ತಿಲ್ಲದ್ದನ್ನು ಹೇಳಿದರೆ ಒಳ್ಳೆಯ ಮಾಹಿತಿ. ಪಕ್ಕವಾದ್ಯದವರ ಹೆಸರು ಹೇಳುವಾಗ ಅತ್ತೆ ಅಡುಗೆಮನೆಯಿಂದ ಓಡಿ ಬರುತ್ತಾರೆ, ಪಿಟೀಲು ನುಡಿಸಿದವರು ಅವರ ಊರಿನವರಿರಬಹುದು ಅಂತ. ಅದೇ ಹೊತ್ತಿಗೆ ಮಾವ "ಸಾಕು, ಹಾಡಪ್ಪಾ" ಅಂತಾರೆ. ಪಾಪ, ಅನೌನ್ಸರ್ ಯಾರ ಮಾತು ಕೇಳಬೇಕು?

ದನಿಗಳ ಕಥೆ ಇನ್ನೊಂದು. ಕೆಲವರು ಪಿಸುಗುಟ್ಟುತ್ತಾರೆ. ಸಂಗೀತಕ್ಕೆ ಭಕ್ತಿ ತೋರಿಸುವ ರೀತಿ ಅದು ಅಂತ ಅವರ ಲೆಕ್ಕ. ಒಂದು ಬೆಳಗ್ಗೆ ಹಾಗೇ ಆಯಿತು. ಏನೋ ಹೇಳುತ್ತಿದ್ದಾರೆ, ಒಂದಕ್ಷರ ಕೇಳದು. ಮಾವ ವಾಲ್ಯೂಮ್ ಏರಿಸುತ್ತಾ ಹೋದರು. ಕೊನೆಗೆ ಕಿವಿಯನ್ನೇ ತಂದು ರೇಡಿಯೋಗೆ ಹಚ್ಚಿದರು. ಪಿಸುಮಾತು ಮುಗಿದಿದ್ದೇ ತಡ, ನಾಗಸ್ವರ! ಜೊತೆಗೆ ಡೋಲು! ಪಕ್ಕದ ಮನೆಯಲ್ಲಿ ಬಾಣಂತನಕ್ಕೆ ಬಂದಿದ್ದ ಹುಡುಗಿಯ ಕೂಸು ಎದ್ದು ಕಿರುಚಿತು. ಬೀದಿ ನಾಯಿ ತಾರ ಸ್ಥಾಯಿಯಲ್ಲಿ ಸೇರಿಕೊಂಡಿತು. ಮಾವನವರ ಎಡಗಿವಿ ಮಧ್ಯಾಹ್ನದವರೆಗೂ ಗುಂಯ್ ಅನ್ನುತ್ತಲೇ ಇತ್ತು. ಅದನ್ನೂ ಶ್ರುತಿಯಲ್ಲಿದೆ ಅಂದರು.

ಪಿಸುಮಾತಿನವರು ಬೇಡ ಅಂದರೆ ಉತ್ಸಾಹದವರು. ವಿಲಂಬಿತ್ ಖ್ಯಾಲ್ ಮುಗಿದು, ತಂಬೂರಿಯ ನಾದ ಇನ್ನೂ ಆರಿಲ್ಲ, ಅಷ್ಟರಲ್ಲೇ "ವಾವ್! ಏನ್ ವಾಯ್ಸ್ ಅಲ್ವಾ ಫ್ರೆಂಡ್ಸ್?" ನನ್ನ ಮಗನಿಗೆ ಖುಷಿಯಾಯಿತು, ಮೊದಲ ಸಲ ಈ ಸ್ಟೇಷನ್ನಿನಲ್ಲಿ ಏನೋ ಅರ್ಥವಾಯಿತು ಅಂತ. ಮಾವ ಮಾತ್ರ "1940ರಲ್ಲಿ ಸ್ವರ ತೂಗೋ ಗಮಕ, ಸ್ವರದಿಂದ ಸ್ವರಕ್ಕೆ ಜಾರೋ ಮೀಂಡ್ ಬರಲ್ಲ ಅಂತ ಹಾರ್ಮೋನಿಯಂ ಬಾಯಿಯನ್ನೇ ಮುಚ್ಚಿಸಿದವರಿಗೆ ಇವರ ಬಾಯಿ ಮುಚ್ಚಿಸೋಕೆ ಆಗಲ್ವಾ?" ಅಂದರು. ಹಾರ್ಮೋನಿಯಮ್ಮಿಗೆ ಆಕಾಶವಾಣಿಯ ಬಾಗಿಲು ಮತ್ತೆ ತೆರೆಯೋಕೆ ಮೂವತ್ತು ವರ್ಷ ಹಿಡಿಯಿತು. ಅನೌನ್ಸರ್‌ಗಳಿಗೂ ಅಷ್ಟೇ ಶಿಕ್ಷೆ ಆಗಬೇಕು ಅಂತ ಅವರ ಆಸೆ.

ಇವರೆಲ್ಲ ಒಪ್ಪುವ ಸಂಗೀತ ಒಂದೇ. ಬೆಳಗ್ಗೆ ಪ್ರಸಾರ ಶುರುವಾಗುವಾಗ ಬರುವ ಆಕಾಶವಾಣಿಯ ಆ ಹಳೆಯ ಧುನ್. 1930ರ ದಶಕದಲ್ಲಿ ವಾಲ್ಟರ್ ಕೌಫ್‌ಮನ್ ಅನ್ನುವವರು ಮಾಡಿದ್ದು, ಶಿವರಂಜಿನಿ ರಾಗದ ನೆರಳಿದೆ. ಅದರ ಮೇಲೆ ಯಾರೂ ಮಾತಾಡಲ್ಲ, ಅದಕ್ಕೇ ತಕರಾರಿಲ್ಲ.

ನನ್ನ ಅಭಿಪ್ರಾಯ ಯಾರೂ ಕೇಳಲ್ಲ, ಆದರೂ ಹೇಳುತ್ತೇನೆ. ಹಾಡು ಮುಗಿದ ಮೇಲೆ ಒಂದು ಉಸಿರು ಬಿಟ್ಟು ಮಾತಾಡುವವರು ನನಗೆ ಇಷ್ಟ. ಮತ್ತೆ, ರಾಗದ ಹೆಸರು ಕೊನೆಗೊಮ್ಮೆ ಹೇಳಲೇಬೇಕು. ಒಗ್ಗರಣೆ ಹಾಕುತ್ತಾ ಅರ್ಧಕ್ಕೆ ಕಿವಿ ಕೊಟ್ಟವರ ಗತಿ ಏನು? ಆದರೆ ನಮ್ಮ ಕುಕ್ಕರಿಗೆ ಈ ಸಂಸ್ಕಾರ ಇಲ್ಲ. "ನೀವು ಈವರೆಗೆ ಕೇಳಿದ್ದು ರಾಗ..." ಅಂದ ತಕ್ಷಣ ಸೀಟಿ ಹೊಡೆಯುತ್ತದೆ. ಹೀಗೆ ನನಗೆ ತುಂಬಾ ಇಷ್ಟವಾದ ಒಂದು ರಾಗ ಇವತ್ತಿಗೂ ನಮ್ಮ ಮನೆಯಲ್ಲಿ "ಬೇಳೆ ಬೆಂದ ರಾಗ".

ಇನ್ನು ಸಮಯದ ಅಭಾವ. ಯಾವ ಕೇಂದ್ರ ಅಂತ ಹೇಳಲ್ಲ. ಹಾಡು ನಿಂತು ತಾಳವಾದ್ಯವೊಂದೇ ನುಡಿಯುವ ತನಿ ಆವರ್ತನ ನಡೆಯುತ್ತಿತ್ತು. ಮೃದಂಗದವರು ಮುಕ್ತಾಯಕ್ಕೆ ಬಂದರು. ಒಂದೇ ಸೊಲ್ಲುಕಟ್ಟು, ಅಂದರೆ ಮೃದಂಗದ ಪಾಠಾಕ್ಷರಗಳ ಗುಂಪು, ಮೂರು ಸಲ ಬಂದು ಪಲ್ಲವಿ ಎತ್ತಿಕೊಳ್ಳುವ ಜಾಗಕ್ಕೆ ಸರಿಯಾಗಿ ಸೇರಬೇಕು. ಮಾವನಿಗೆ ಅದು ತಿಹಾಯಿ. ಹೆಸರು ಏನಾದರೂ ಇರಲಿ, ಮೂರರ ಲೆಕ್ಕ ಇಬ್ಬರಿಗೂ ಒಂದೇ. ಅತ್ತೆ ಹುರುಳಿಕಾಯಿ ಹೆಚ್ಚುವುದು ನಿಲ್ಲಿಸಿ ತೊಡೆ ತಟ್ಟುತ್ತಿದ್ದರು. ತ ಧಿಂ ಗಿ ಣ ತೊಂ, ಒಂದು. ತ ಧಿಂ ಗಿ ಣ ತೊಂ, ಎರಡು. "ಶ್ರೋತೃಗಳೇ, ಸಮಯದ ಅಭಾವದಿಂದ..."

ಮಾವನವರ ಕೈ ಗಾಳಿಯಲ್ಲೇ ನಿಂತಿತು. ಹಾಗೇ ಬಿಡುವುದಾದರೂ ಹೇಗೆ? ಮೂರನೆಯದನ್ನು ಅವರೇ ಮೇಜಿನ ಮೇಲೆ ನುಡಿಸಿದರು. ತ, ಧಿಂ, ಗಿ, ಣ ಸರಿಯಾಗಿ ಬಿದ್ದವು. ತೊಂ ಮಾತ್ರ ಕಾಫಿ ಲೋಟದ ಮೇಲೆ ಬಿತ್ತು. ಬಿಸಿ ಕಾಫಿ ಪೂರ್ತಿ ಹುರುಳಿಕಾಯಿಗೆ ಅಭಿಷೇಕ. ಅತ್ತೆ ಒಂದು ಮಾತೂ ಬೈಯಲಿಲ್ಲ. "ಸರಿಯಾಗೇ ಹೊಡೆದ್ರಿ ಬಿಡ್ರೀ, ಇಲ್ಲದಿದ್ರೆ ನಂಗೆ ದಿನವೆಲ್ಲಾ ಊಟ ಸೇರ್ತಿರ್ಲಿಲ್ಲ" ಅಂದರು.

ಅವತ್ತೇ ಮಾವ 50 ಪೈಸೆಯ ಕಾರ್ಡು ತೆಗೆದರು. ಕೇಳುಗರ ಪತ್ರ ಓದುವ ಕಾರ್ಯಕ್ರಮಕ್ಕೆ ಬರೆಯುವುದು ಅಂತ ತೀರ್ಮಾನ. "ಮಾತು ಕಡಿಮೆ ಮಾಡಿ" ಅನ್ನುವ ಒಂದು ಸಾಲಿನ ವಿಷಯ. ಬರೆಯುತ್ತಾ ಬರೆಯುತ್ತಾ ಕಾರ್ಡು ತುಂಬಿತು. ಅಂಚುಗಳು ತುಂಬಿದವು. ವಿಳಾಸದ ಕಡೆಗೂ ಅಕ್ಷರಗಳು ಹತ್ತಿದವು. ಅಂಚೆಯವರು ಅದನ್ನು ಹೇಗೆ ಓದಿ ತಲುಪಿಸಿದರೋ!

ತಲುಪಿತು. ಓದಿಯೂ ಬಿಟ್ಟರು. ಪೂರ್ತಿ ಓದಿದರು, ಅಂಚಿನದನ್ನೂ ಬಿಡಲಿಲ್ಲ. ಆಮೇಲೆ "ಎಷ್ಟು ಕಾಳಜಿಯಿಂದ ಬರೆದಿದ್ದಾರೆ ನೋಡಿ" ಅಂತ ಒಬ್ಬರು ಶುರು ಮಾಡಿದರು. ಇನ್ನೊಬ್ಬರು ಮಾತು ಮತ್ತು ಮೌನದ ಸಂಬಂಧದ ಬಗ್ಗೆ ಹೇಳಿದರು. ಮಧ್ಯೆ ಒಂದು ಗಾದೆ, ಒಂದು ವಚನ. ಕೊನೆಗೆ ಪತ್ರ ಬರೆದವರ ಇಷ್ಟದ ಭೀಮ್‌ಪಲಾಸಿ ಹಾಕಿದರು. ಆಲಾಪ ಇನ್ನೂ ಪಂಚಮ ಮುಟ್ಟಿರಲಿಲ್ಲ, ಸಮಯದ ಅಭಾವ ಬಂತು.

ನಾವೆಲ್ಲ ಮಾವನವರ ಮುಖ ನೋಡಿದೆವು. ಇನ್ನೇನು ರೇಡಿಯೋ ಗೋಡೆಗೆ ಹೋಗುತ್ತೆ ಅಂತ ನಾನು ಎದ್ದು ಹಿಡಿದುಕೊಳ್ಳಲು ಸಿದ್ಧವಾಗಿದ್ದೆ. ಅವರು ಕನ್ನಡಕ ಒರೆಸುತ್ತಾ "ಆ ಹೆಣ್ಣುಮಗಳು ಏನ್ ಚೆನ್ನಾಗಿ ಓದಿದ್ಲು, ಅಲ್ವೇನಮ್ಮಾ? ಇನ್ನೊಂದು ಸ್ವಲ್ಪ ಮಾತಾಡಬಹುದಿತ್ತು" ಅಂದರು.

ಒಂದೇ ಒಂದು ಬೇಜಾರು. ಹೆಸರು ಸರಿಯಾಗಿ ಹೇಳಿ, ಊರು ಮಾತ್ರ ಹರಿಹರ ಅಂದುಬಿಟ್ಟರು. ಎದುರು ಮನೆ ಮೇಷ್ಟ್ರು ಈಗ ದಿನಾ ಬೆಳಗ್ಗೆ "ಏನ್ರೀ, ಹರಿಹರದಿಂದ ಯಾವಾಗ ಬಂದ್ರಿ?" ಅಂತ ಕೇಳುತ್ತಾರೆ. ಮಾವ ಇನ್ನೊಂದು ಕಾರ್ಡು ಬರೆಯುತ್ತಿದ್ದಾರೆ. ಈ ಸಲ ಮಾತು ಕಡಿಮೆ ಮಾಡಿ ಅಂತ ಎಲ್ಲೂ ಇಲ್ಲ. ದಾವಣಗೆರೆ ಅಂತ ಎರಡು ಸಲ, ಆಗುವುದಾದರೆ ಮೂರು ಸಲ, ಬಿಡಿಸಿ ಹೇಳಬೇಕಂತೆ.