ಲ್ಯಾಮಿನಿನ್ ಶಿಲುಬೆಯ ಹಾಗೆ ಕಾಣುತ್ತದೆ, ನಿಜ. ಆದರೆ...

ಲ್ಯಾಮಿನಿನ್ ಎಂಬ ಪ್ರೋಟೀನಿನ ಚಿತ್ರ ಮತ್ತೆ ನನಗೆ ಫಾರ್ವರ್ಡ್ ಆಗಿ ಬಂದಿದೆ. ನೀವೂ ನೋಡಿರುತ್ತೀರಿ. ಅದರ ಜೊತೆ ಬರುವ ಮಾತು ಇದು: ನಮ್ಮ ಜೀವಕೋಶಗಳು ತಮ್ಮ ಅಡಿಯ ತೆಳು ಪದರಕ್ಕೆ ಅಂಟಿಕೊಂಡು ನಿಲ್ಲಲು ಈ ಪ್ರೋಟೀನು ಬೇಕು, ಅದರ ಆಕಾರ ಶಿಲುಬೆಯದು, ಎಲ್ಲವೂ ಕ್ರಿಸ್ತನಲ್ಲೇ ನೆಲೆನಿಂತಿದೆ ಅಂತ ಬೈಬಲಿನಲ್ಲಿ ಕೊಲೊಸ್ಸೆಯವರಿಗೆ ಬರೆದ ಪತ್ರದಲ್ಲೂ ಇದೆ, ಹಾಗಾಗಿ ದೇವರು ನಮ್ಮೊಳಗೆ ತನ್ನ ಗುರುತು ಹಾಕಿಟ್ಟಿದ್ದಾನೆ, ಇನ್ನೇನು ಪುರಾವೆ ಬೇಕು? ಕೆಳಗೆ ಸಾಲು ಸಾಲು ಆಮೆನ್.

ನಾನು ವಿಶ್ವಾಸಿ. ಆ ಚಿತ್ರವನ್ನು ಮೊದಲ ಸಲ ನೋಡಿದಾಗ ನನಗೂ ಮೈ ಜುಮ್ಮೆಂದಿತ್ತು. ಅದನ್ನು ಅಲ್ಲಗಳೆಯಲು ಇದನ್ನು ಬರೆಯುತ್ತಿಲ್ಲ. ಆದರೆ 'ಪುರಾವೆ' ಅನ್ನುವ ಪದ ನನ್ನನ್ನು ಕಾಡುತ್ತಿದೆ.

ಲ್ಯಾಮಿನಿನ್ ಅಂದರೆ ಮೂರು ಎಳೆಗಳು ಹೆಣೆದುಕೊಂಡು ಆದದ್ದು. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಶಿಲುಬೆಯಂತೆ ಕಾಣುವುದು ನಿಜ. ಆದರೆ ಅದು ಮರದ ತುಂಡಿನಂತೆ ಗಟ್ಟಿಯಾದ ವಸ್ತುವಲ್ಲ, ಅದರ ತೋಳುಗಳು ಬಾಗುತ್ತವೆ, ತಿರುಗುತ್ತವೆ. ಲ್ಯಾಮಿನಿನ್‌ನಲ್ಲಿ ಹಲವು ಬಗೆಗಳಿವೆ, ಕೆಲವಕ್ಕೆ ಮೇಲಿನ ತೋಳುಗಳಲ್ಲಿ ಕೆಲವು ಮೊಟಕಾಗಿವೆ. ನೊಣ, ಹುಳುಗಳ ಮೈಯಲ್ಲೂ ಲ್ಯಾಮಿನಿನ್ ಇದೆ. ಇದಕ್ಕಿಂತ ನೋವಿನ ವಿಷಯ ಇನ್ನೊಂದಿದೆ. ಲ್ಯಾಮಿನಿನ್‌ನ ಒಂದು ಎಳೆಯನ್ನು ತಯಾರಿಸುವ ಜೀನ್ ಕೆಟ್ಟರೆ ಮಗು ಹುಟ್ಟುವಾಗಲೇ ಸ್ನಾಯುಗಳಲ್ಲಿ ಬಲವಿರುವುದಿಲ್ಲ, ಎಷ್ಟೋ ಮಕ್ಕಳು ಕೊನೆವರೆಗೂ ತಾವಾಗಿ ನಡೆಯುವುದೇ ಇಲ್ಲ. ಅಂಥ ಮಗುವನ್ನು ಎತ್ತಿಕೊಂಡಿರುವ ತಾಯಿಯ ಫೋನಿಗೆ ಈ ಫಾರ್ವರ್ಡ್ ಬಂದರೆ ಅವಳು ಅದನ್ನು ಹೇಗೆ ಓದಬೇಕು? ತನ್ನ ಮಗುವಿನಲ್ಲಿ ಮಾತ್ರ ದೇವರ ಗುರುತು ಅಳಿಸಿಹೋಗಿದೆ ಅಂತಲಾ? ಆಕಾರವೇ ಸಾಕ್ಷಿ ಅಂತ ಹಟ ಹಿಡಿದರೆ ಈ ಪ್ರಶ್ನೆಗೂ ನಾವೇ ಉತ್ತರ ಕೊಡಬೇಕು. ನನ್ನ ಹತ್ತಿರ ಆ ಉತ್ತರ ಇಲ್ಲ.

ನೀರಿನ ಮಾತೂ ಹೀಗೇ. 0.01 ಡಿಗ್ರಿ ಸೆಲ್ಸಿಯಸ್‌ನಲ್ಲಿ, ತುಂಬ ಕಡಿಮೆ ಒತ್ತಡದಲ್ಲಿ, ಮಂಜುಗಡ್ಡೆ, ನೀರು, ಆವಿ ಮೂರೂ ಒಟ್ಟಿಗೆ ಇರುತ್ತವೆ, ಇದೇ ತ್ರಿಯೇಕ ದೇವರು, ಅಂದರೆ ತಂದೆ, ಮಗ, ಪವಿತ್ರಾತ್ಮ ಮೂವರೂ ಒಂದೇ ಆದ ದೇವರು, ಅನ್ನುತ್ತಾರೆ. ಮೂರು ರೂಪವೂ ಒಟ್ಟಿಗೆ ಇರುವ ಇಂಥ ಬಿಂದು ಕಾರ್ಬನ್ ಡೈಆಕ್ಸೈಡಿಗೂ ಇದೆ, ಇನ್ನೂ ಎಷ್ಟೋ ವಸ್ತುಗಳಿಗೂ ಇದೆ. ಮಕ್ಕಳಿಗೆ ಹೇಳಿಕೊಡಲು ಚೆನ್ನಾಗಿದೆ, ಅಷ್ಟೇ.

ಹಾಗಂತ ಸಂಕೇತ ಹುಡುಕುವುದೇ ತಪ್ಪಾ? ಇಲ್ಲ. ಖಗೋಳ ವಿಜ್ಞಾನಿ ಕೆಪ್ಲರ್‌ನನ್ನು ನೋಡಿ. ಅವನಿಗೆ ವಿಶ್ವದ ಗೋಳವೇ ತ್ರಿಯೇಕ ದೇವರ ಚಿತ್ರ. ನಡುವಿನ ಸೂರ್ಯ ತಂದೆ, ಹೊರಗಿನ ನಕ್ಷತ್ರಗಳ ಗೋಳ ಮಗ, ನಡುವೆ ತುಂಬಿದ ಜಾಗ ಪವಿತ್ರಾತ್ಮ. ಸೂರ್ಯನಿಗೆ ಇಷ್ಟು ದೊಡ್ಡ ಸ್ಥಾನ ಕೊಟ್ಟಿದ್ದರಿಂದಲೇ, ಗ್ರಹಗಳನ್ನು ತಿರುಗಿಸುವ ಶಕ್ತಿ ಸೂರ್ಯನಲ್ಲೇ ಇರಬೇಕು ಅಂತ ಯೋಚಿಸುವ ಧೈರ್ಯ ಅವನಿಗೆ ಬಂತು. ಭಕ್ತಿ ಅವನಿಗೆ ಒಂದು ಒಳ್ಳೆಯ ಪ್ರಶ್ನೆ ಕೊಟ್ಟಿತು. ಆದರೆ ಉತ್ತರಕ್ಕೆ ಅವನು ಲೆಕ್ಕದ ಹತ್ತಿರ ಹೋದ. ಟೈಕೊ ಬ್ರಾಹೆ ಎಂಬ ಖಗೋಳ ವಿಜ್ಞಾನಿ ಅಳೆದಿಟ್ಟ ಮಂಗಳನ ಸ್ಥಾನಕ್ಕೂ ತನ್ನ ಲೆಕ್ಕಕ್ಕೂ ಬರೀ 8 ಕಲೆಯಷ್ಟು (ಒಂದು ಕಲೆ ಅಂದರೆ ಡಿಗ್ರಿಯ 60ನೇ ಒಂದು ಭಾಗ) ವ್ಯತ್ಯಾಸ ಬಂತು, ಅಂದರೆ ಒಂದು ಡಿಗ್ರಿಯಲ್ಲಿ ಏಳನೇ ಒಂದು ಭಾಗಕ್ಕಿಂತಲೂ ಕಡಿಮೆ. ಬೇರೆಯವರಾಗಿದ್ದರೆ ಬಿಟ್ಟುಬಿಡುತ್ತಿದ್ದರೇನೋ. ಅವನು ಬಿಡಲಿಲ್ಲ. ಎರಡು ಸಾವಿರ ವರ್ಷ ಎಲ್ಲರೂ ಪರಿಪೂರ್ಣ ಅಂತ ನಂಬಿದ್ದ ವೃತ್ತವನ್ನೇ ಬಿಟ್ಟ. 1609ರಲ್ಲಿ ಗ್ರಹದ ದಾರಿ ದೀರ್ಘವೃತ್ತ ಅಂತ ಪ್ರಕಟಿಸಿದ. ನನ್ನ ಕಣ್ಣಿಗೆ ಆ 8 ಕಲೆಗೆ ತಲೆಬಾಗಿದ್ದೂ ಭಕ್ತಿಯೇ. ಸೃಷ್ಟಿ ದೇವರದ್ದು ಅಂತ ನಂಬಿದವನು ಅದು ಹೇಗಿದೆಯೋ ಹಾಗೇ ಒಪ್ಪಿಕೊಳ್ಳಬೇಕು ಅಲ್ವಾ?

ಲೆಮೈತ್ರ್ ಅವರದ್ದೂ ಇಂಥದ್ದೇ ಕಥೆ. ಅವರು ಕ್ಯಾಥೋಲಿಕ್ ಪಾದ್ರಿ, ಭೌತವಿಜ್ಞಾನಿ ಕೂಡ. ವಿಶ್ವ ಹಿಗ್ಗುತ್ತಿದೆ ಅಂತ 1927ರಲ್ಲೇ ಬರೆದವರು, ವಿಶ್ವಕ್ಕೆ ಒಂದು ಆರಂಭವಿತ್ತು ಎಂಬ, ಮುಂದೆ ಬಿಗ್ ಬ್ಯಾಂಗ್ ಅನ್ನಿಸಿಕೊಂಡ ಯೋಚನೆಯನ್ನು 1931ರಲ್ಲಿ ಮುಂದಿಟ್ಟವರು. 1951ರಲ್ಲಿ ಪೋಪ್ 12ನೇ ಪಿಯುಸ್ ಈ ವಿಜ್ಞಾನ ದೇವರ ಸೃಷ್ಟಿಗೆ ಸಾಕ್ಷಿ ಕೊಡುತ್ತಿದೆ ಎಂಬ ಅರ್ಥದಲ್ಲಿ ಭಾಷಣ ಮಾಡಿದರು. ಎಲ್ಲರಿಗಿಂತ ಜಾಸ್ತಿ ಖುಷಿಪಡಬೇಕಾದವರು ಲೆಮೈತ್ರ್. ಆದರೆ ಅವರಿಗೆ ಅದು ಸರಿ ಕಾಣಲಿಲ್ಲ. ತನ್ನ ಸಿದ್ಧಾಂತ ಧರ್ಮದ ಪ್ರಶ್ನೆಗಳಿಂದ ಹೊರಗಿದೆ ಎಂಬುದೇ ಅವರ ನಿಲುವು. ನಂಬಿಕೆ ಕಡಿಮೆಯಾಗಿ ಅಲ್ಲ, ಅವರು ಕೊನೆವರೆಗೂ ಪಾದ್ರಿಯಾಗಿಯೇ ಇದ್ದರು. ಇಂದಿನ ಸಿದ್ಧಾಂತಕ್ಕೆ ನಂಬಿಕೆಯನ್ನು ಕಟ್ಟಿಹಾಕಿದರೆ, ನಾಳೆ ಸಿದ್ಧಾಂತ ಬದಲಾದಾಗ ನಂಬಿಕೆಯೂ ಅದರ ಜೊತೆ ಬೀಳುತ್ತದೆ.

ಮೊನ್ನೆ ಸಂಡೇ ಸ್ಕೂಲ್ ಮಕ್ಕಳಿಗೆ ಅದೇ ಚಿತ್ರ ತೋರಿಸಿದೆ. ಮೊದಲು ಅದು ಏನು ಕೆಲಸ ಮಾಡುತ್ತದೆ ಅಂತ ಹೇಳಿದೆ, ಆಕಾರದ ಮಾತೇ ಎತ್ತಲಿಲ್ಲ. ಆಮೇಲೆ, ಏನು ಕಾಣುತ್ತಿದೆ ಅಂತ ಸುಮ್ನೆ ಕೇಳಿದೆ. ಒಬ್ಬ ಹುಡುಗ ಕತ್ತಿ ಅಂದ. ಪಕ್ಕದ ಹುಡುಗಿ ಶಿಲುಬೆ ಅಂದಳು, ಆಮೇಲೆ ತಾನೇ ಸ್ವಲ್ಪ ಹೊತ್ತು ನೋಡಿ, "ಕತ್ತಿನೂ ಹೌದು" ಅಂದಳು. ಇಬ್ಬರಿಗೂ ಹೌದು ಅಂದೆ.