ಫ್ಲೈಸ್ಕೈ ಐ6ಗೆ 10 ಚಾನೆಲ್ ಹಾಕಿದರೆ ರಿಸೀವರ್ ಸುಟ್ಟುಹೋಗುತ್ತದಾ?

ಡ್ರೋನ್ ಗೆಳೆಯರ ವಾಟ್ಸಾಪ್ ಗುಂಪುಗಳಲ್ಲಿ ಒಂದು ಮಾತು ಓಡಾಡುತ್ತಿದೆ: ಎಫ್‌ಎಸ್-ಐ6 ರಿಮೋಟ್‌ಗೆ 10 ಚಾನೆಲ್ (ಒಂದೊಂದು ಚಾನೆಲ್ ಅಂದರೆ ಒಂದೊಂದು ಪ್ರತ್ಯೇಕ ಆಜ್ಞೆ) ಕೊಡುವ ಫರ್ಮ್‌ವೇರ್, ಅಂದರೆ ರಿಮೋಟ್ ಒಳಗಿನ ತಂತ್ರಾಂಶ, ಹಾಕಿದರೆ ಡ್ರೋನ್‌ನಲ್ಲಿರುವ ರಿಸೀವರ್ ಸುಟ್ಟುಹೋಗುತ್ತದೆ, ಅದಕ್ಕೇ 7ರಿಂದ 10ನೇ ಚಾನೆಲ್ ಕೆಲಸ ಮಾಡಲ್ಲ ಅಂತ. ಇದು ಸುಳ್ಳು. ಸುಮ್ನೆ ಹೊಸ ರಿಸೀವರ್‌ಗೆ ದುಡ್ಡು ಸುರಿಯಬೇಡಿ.

ಈ ರಿಮೋಟ್ ಜೊತೆ ಬಳಸುವ ಐಎ6ಬಿ ರಿಸೀವರ್‌ನಲ್ಲಿ ಮಾಮೂಲಿ ಸರ್ವೋ (ಚಿಕ್ಕ ಮೋಟಾರ್) ಪಿನ್‌ಗಳು ಇರುವುದೇ 6 ಚಾನೆಲ್‌ಗೆ. ಉಳಿದ ನಾಲ್ಕು ಅಲ್ಲಿ ಬರುವುದಾದರೂ ಹೇಗೆ? ಅವು ಐಬಸ್ ಅನ್ನೋ ಒಂದೇ ತಂತಿಯಲ್ಲಿ ಬರುತ್ತವೆ. ರಿಸೀವರ್ ಪಕ್ಕದಲ್ಲಿ ಐಬಸ್‌ಗೆ ಎರಡು ಜಾಗ ಇವೆ, ಒಂದರ ಮೇಲೆ ಸರ್ವೋ, ಇನ್ನೊಂದರ ಮೇಲೆ ಸೆನ್ಸ್ ಅಂತ ಬರೆದಿರುತ್ತದೆ. ತುಂಬಾ ಜನ ಎಡವುವುದು ಇಲ್ಲೇ. ಸೆನ್ಸ್ ಇರುವುದು ಟೆಲಿಮೆಟ್ರಿ ಸೆನ್ಸರ್‌ಗೆ, ಅಂದರೆ ಡ್ರೋನ್‌ನಿಂದ ರಿಮೋಟ್‌ಗೆ ಮಾಹಿತಿ ಕಳಿಸುವ ಸೆನ್ಸರ್‌ಗೆ, ನಿಮಗೆ ಬೇಕಾದದ್ದು ಸರ್ವೋ. ಆ ತಂತಿ ಫ್ಲೈಟ್ ಕಂಟ್ರೋಲರ್‌ನ (ಡ್ರೋನ್ ನಡೆಸುವ ಬೋರ್ಡ್‌ನ) ಒಂದು ಯುಆರ್ಟ್‌ನ, ಅಂದರೆ ಸೀರಿಯಲ್ ಪೋರ್ಟ್‌ನ, ಆರ್‌ಎಕ್ಸ್ ಪ್ಯಾಡ್‌ಗೆ ಹೋಗಬೇಕು, ಆ ಬೋರ್ಡ್‌ನ ಸೆಟ್ಟಿಂಗ್ ಮಾಡುವ ಬೀಟಾಫ್ಲೈಟ್ ತಂತ್ರಾಂಶದ ಪೋರ್ಟ್ಸ್ ಪುಟದಲ್ಲಿ ಅದೇ ಯುಆರ್ಟ್‌ಗೆ ಸೀರಿಯಲ್ ಆರ್‌ಎಕ್ಸ್ ಆನ್ ಇರಬೇಕು, ರಿಸೀವರ್ ಪುಟದಲ್ಲಿ ಐಬಸ್ ಆರಿಸಿರಬೇಕು.

ಇಷ್ಟಾದರೂ ರಿಸೀವರ್ ಪುಟದಲ್ಲಿ ಆ ಚಾನೆಲ್‌ನ ಪಟ್ಟಿ ಅಲ್ಲಾಡದಿದ್ದರೆ ರಿಮೋಟ್‌ನ ಆಕ್ಸ್ ಚಾನೆಲ್ಸ್ ಮೆನುವಿನಲ್ಲಿ ಆ ಚಾನೆಲ್‌ಗೆ ಸ್ವಿಚ್ ಕೊಟ್ಟಿದ್ದೀರಾ ನೋಡಿ. ಹಳೆಯ ಐಎ6, ಅಂದರೆ ಕೊನೆಗೆ ಬಿ ಇಲ್ಲದ್ದು, ಅದರಲ್ಲಿ ಐಬಸ್ಸೇ ಇಲ್ಲ. ಅದನ್ನಿಟ್ಟುಕೊಂಡು ಎಷ್ಟು ಒದ್ದಾಡಿದರೂ ಸಿಗುವುದು ಆರೇ ಚಾನೆಲ್.

ಹಾಂ, ಪರೀಕ್ಷೆಗೆ ಮೊದಲು ಪ್ರೊಪೆಲ್ಲರ್ ಬಿಚ್ಚಿಡಿ.