ಎಂಜಿನ್ ಮಾಡಿದವನ ಹೆಸರೇನು?

ಮೊದಲ ವಿಮಾನ ಹಾರಿಸಿದವರು ಯಾರು ಅಂದರೆ ರೈಟ್ ಸಹೋದರರು ಅಂತ ಶಾಲೆಯ ಮಕ್ಕಳೂ ಹೇಳುತ್ತಾರೆ. ಅದರ ಎಂಜಿನ್ ಮಾಡಿದ್ದು ಯಾರು ಅಂತ ಕೇಳಿ ನೋಡಿ, ದೊಡ್ಡವರೂ ತಲೆ ಕೆರೆದುಕೊಳ್ಳುತ್ತಾರೆ.

ಚಾರ್ಲಿ ಟೇಲರ್. ಅಣ್ಣತಮ್ಮಂದಿರ ಸೈಕಲ್ ಅಂಗಡಿಯಲ್ಲಿ ಸಂಬಳಕ್ಕಿದ್ದ ಮೆಕ್ಯಾನಿಕ್. ಅಷ್ಟು ಹಗುರದ ಎಂಜಿನ್ ಮಾಡಿಕೊಡುವ ಕಂಪನಿ ಎಲ್ಲೂ ಸಿಗದಿದ್ದಾಗ, ಇದ್ದ ಲೇತು, ಡ್ರಿಲ್ಲುಗಳಲ್ಲೇ ಆರು ವಾರದಲ್ಲಿ ಮಾಡಿಕೊಟ್ಟ. ಸರಿಯಾದ ನಕ್ಷೆಯೂ ಇರಲಿಲ್ಲ. ಚೂರು ಕಾಗದದ ಮೇಲೆ ಗೀಚಿದ್ದನ್ನು ಬೆಂಚಿನ ಮೇಲೆ ಚುಚ್ಚಿಟ್ಟುಕೊಂಡು ಕೆಲಸ ಮಾಡುತ್ತಿದ್ದನಂತೆ. 1903ರ ಡಿಸೆಂಬರ್ 17ರಂದು, ಮೊದಲ ಹಾರಾಟದಲ್ಲಿ, ಅದೇ ಎಂಜಿನ್ 12 ಸೆಕೆಂಡು ಗಾಳಿಯಲ್ಲಿತ್ತು.

ಅಣ್ಣತಮ್ಮಂದಿರು ಕಿರುಚಾಡಿ ವಾದ ಮಾಡುತ್ತಿದ್ದರು ಅಂತಲೂ ಚಾರ್ಲಿಯೇ ಮುಂದೆ ನೆನಪಿಸಿಕೊಂಡಿದ್ದಾನೆ. ಪುಟ್ಟ ತಂಡ, ಆದರೂ ಅನಿಸಿದ್ದನ್ನು ಎದುರೇ ಹೇಳುತ್ತಿದ್ದರು, ಅದಕ್ಕೇ ನನಗೆ ಎಂಜಿನ್‌ಗಿಂತ ಇಷ್ಟವಾದ ವಿವರ ಇದು.

ತಂಡ ಅಂದರೆ ಜನ ತುಂಬಿಕೊಳ್ಳೋದು ಅಂದುಕೊಂಡು ಕೈ ಸುಟ್ಟುಕೊಂಡವನು ನಾನು. ನಮ್ಮ ಸಾಫ್ಟ್‌ವೇರ್ ಕೆಲಸ ತಡವಾಗುತ್ತಿದೆ ಅಂತ ಇನ್ನೂ ಐದು ಜನರನ್ನು ತಂದು ಕೂರಿಸಿದೆ. ಇನ್ನಷ್ಟು ತಡವಾಯಿತು! ಹೀಗಾಗುತ್ತದೆ ಅಂತ ಫ್ರೆಡ್ ಬ್ರೂಕ್ಸ್ ಅನ್ನುವ ಕಂಪ್ಯೂಟರ್ ತಜ್ಞ 1975ರಲ್ಲೇ ಬರೆದಿಟ್ಟಿದ್ದ. ಐದು ಜನರಿದ್ದರೆ ಇಬ್ಬಿಬ್ಬರ ನಡುವಿನ ಮಾತುಕತೆಯ ದಾರಿ 10, ಹತ್ತು ಜನರಾದರೆ 45. ಲೆಕ್ಕ ಸುಲಭದ್ದೇ, ನಾನು ಹಾಕಿರಲಿಲ್ಲ ಅಷ್ಟೇ.

ಆದರೆ ನಿಜವಾದ ಪೆಟ್ಟು ಬಿದ್ದಿದ್ದು ಬೇರೆ ಕಡೆ. ಒಂದು ದಿನ ಸರ್ವರ್ ಕೈಕೊಟ್ಟಿತು, ಬ್ಯಾಕಪ್, ಅಂದರೆ ಮಾಹಿತಿಯ ನಕಲು, ಹುಡುಕಿದರೆ ಮೂರು ವಾರದಿಂದ ಇಲ್ಲ. ತಂಡದ ಅತಿ ಚಿಕ್ಕ ಹುಡುಗನಿಗೆ ಅದು ಮೊದಲೇ ಗೊತ್ತಿತ್ತು.

"ಯಾಕಪ್ಪಾ ಹೇಳಲಿಲ್ಲ?"

"ಹೋದ ಸಲ ಹೇಳಿದಾಗ ಎಲ್ಲರ ಮುಂದೆ ಬೈದ್ರಿ ಸರ್."

ಎಮಿ ಎಡ್ಮಂಡ್ಸನ್ ಅನ್ನುವ ಸಂಶೋಧಕಿ 1990ರ ದಶಕದಲ್ಲಿ ಆಸ್ಪತ್ರೆಗಳಲ್ಲಿ ಔಷಧ ಕೊಡುವಾಗ ಆಗುವ ತಪ್ಪುಗಳನ್ನು ಅಧ್ಯಯನ ಮಾಡಿದಾಗ, ಚೆನ್ನಾಗಿರುವ ತಂಡಗಳಲ್ಲೇ ಹೆಚ್ಚು ತಪ್ಪು ದಾಖಲಾಗಿತ್ತು. ಅಲ್ಲಿನವರು ಮುಚ್ಚಿಡದೆ ಹೇಳುತ್ತಿದ್ದರು, ಅದಕ್ಕೇ ಲೆಕ್ಕಕ್ಕೆ ಸಿಕ್ಕವು. ನಮ್ಮಲ್ಲಿ ಎಲ್ಲ ಸರಿ ಇದೆ ಅಂತ ನಾನು ಬೀಗುತ್ತಿದ್ದ ಆ ಮೂರು ವಾರ ನೆನಪಾಯಿತು.

ಈಗ ಸೋಮವಾರದ ಮೀಟಿಂಗ್ ಶುರುವಾಗೋದೇ ಹಿಂದಿನ ವಾರ ನಾನು ಕೆಡಿಸಿದ ಕೆಲಸದಿಂದ. ಮೊದಮೊದಲು ಯಾರೂ ತುಟಿ ಬಿಚ್ಚಲಿಲ್ಲ, ಸರ್ ಏನೋ ಟ್ರೇನಿಂಗ್ ಮುಗಿಸಿ ಬಂದಿದ್ದಾರೆ ಅಂದುಕೊಂಡಿರಬೇಕು. ಮೊನ್ನೆ ಅದೇ ಹುಡುಗ, ನಾನು ಗ್ರಾಹಕರಿಗೆ ಕೊಟ್ಟ ತಾರೀಕು ಆಗದ ಮಾತು ಅಂತ ಎಲ್ಲರ ಎದುರೇ ಅಂದ. ಸಿಟ್ಟು ಬಂತು, ಸುಳ್ಳು ಯಾಕೆ ಹೇಳಲಿ. ಎದ್ದು ಹೋಗಿ ನೀರು ಕುಡಿದು ಬಂದು, "ಸರಿ, ಯಾವ ತಾರೀಕು ಅಂತ ನೀನೇ ಹೇಳು" ಅಂದೆ.